ಅಪ್ಪನೊಂದಿಗೆ ಖುರಿಯ ಮರಳಿನಲ್ಲಿ

ಒಂಟೆ ಏಳುವಾಗ ಮೊದಲು ಹಿಂಗಾಲುಗಳ ಮೇಲೆ ಏಳುತ್ತದೆ. ಮುಂಗಾಲುಗಳು ಇನ್ನೂ ಮಡಿಚಿಕೊಂಡೇ ಇರುವುದರಿಂದ ಬೆನ್ನ ಮೇಲೆ ಕುಳಿತವರು ಒಮ್ಮೆಲೇ ಮುಂದಕ್ಕೆ ಮುಗ್ಗರಿಸುತ್ತಾರೆ; ಸಾವರಿಸಿಕೊಳ್ಳುವಷ್ಟರಲ್ಲಿ ಮುಂಗಾಲುಗಳೂ ಎದ್ದು ಅವರನ್ನು ಅಷ್ಟೇ ರಭಸದಿಂದ ಹಿಂದಕ್ಕೆ ವಾಲಿಸುತ್ತವೆ. ರಾಜಸ್ಥಾನದ ಖುರಿ ಎಂಬ ಹಳ್ಳಿಯಲ್ಲಿ ಒಂಟೆಯ ಮಾಲೀಕರು ಇದನ್ನು ನಮಗೆ ವಿವರಿಸಲು ತೊಡಗುವ ಮೊದಲೇ, 71 ವರ್ಷದ ನನ್ನ ಅಪ್ಪ ಪಕ್ಕದಲ್ಲಿ ಏಳುತ್ತಿದ್ದ ಇನ್ನೊಂದು ಒಂಟೆಯನ್ನು ದಿಟ್ಟಿಸಿ ನೋಡಿ, "ಎತ್ತಿನಂಗೇ ಏಳತದ ನೋಡವಾ, ಹಿಂದಿನ ಕಾಲ ಮೊದಲ" ಎಂದರು. ಕುದುರೆ ಮುಂಗಾಲೂರಿ ಏಳುತ್ತದೆ, ದನ ಹಿಂಗಾಲೂರಿ ಏಳುತ್ತದೆ ಎಂಬುದು ಹೊಲದಲ್ಲಿ ಬದುಕು ಸವೆಸಿದ ಅವರಿಗೆ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಅವರು ಜೀನಿನ ಮುಂದಿನ ಗೂಟವನ್ನು ಹಿಡಿದು, ಬೆನ್ನನ್ನು ಹಿಂದಕ್ಕೆ ಒರಗಿಸಿ ಕುಳಿತ ರೀತಿಯನ್ನು ಕಂಡು ಆ ಮಾಲೀಕರು, "ಬಾಬಾ ಮೊದಲೂ ಸವಾರಿ ಮಾಡಿದ್ದಾರೆಯೇ?" ಎಂದು ನನ್ನನ್ನು ಕೇಳಿದರು.

ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಥಾರ್ ಮರುಭೂಮಿಯ ಪಾಠವನ್ನು ಹಲವು ವರ್ಷ ಮಾಡಿದ್ದೇನೆ. ಕಪ್ಪು ಹಲಗೆಯ ಮೇಲೆ ಅರ್ಧಚಂದ್ರಾಕಾರದ ಮರಳುದಿಬ್ಬವನ್ನು ಬರೆದು, ಗಾಳಿ ಬೀಸುವ ದಿಕ್ಕಿಗೆ ಬಾಣದ ಗುರುತು ಹಾಕಿದ್ದೇನೆ. ಅದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ, ಮರುಭೂಮಿಯಲ್ಲಿ ಜೀಪು ಓಡಿಸುವ ವಿಡಿಯೊಗಳನ್ನು ನೋಡಿದ್ದ ಒಂಬತ್ತನೆಯ ತರಗತಿಯ ನನ್ನ ಮಗನದು ಅವನ ಆಸೆ. ಅವ್ವ ತೀರಿಕೊಂಡ ಮೇಲೆ ಚಿತ್ತಾಪುರ ತಾಲ್ಲೂಕಿನ ನಮ್ಮ ಹಳ್ಳಿಯನ್ನು ಬಿಟ್ಟು ಎಲ್ಲಿಗೂ ಹೊರಡದ ಅಪ್ಪನನ್ನು ಜೊತೆಗೆ ಕರೆದೊಯ್ಯಬೇಕೆಂದು ಹಟ ಹಿಡಿದವನೂ ಮಗನೇ. ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ತೊಗರಿಯ ರಾಶಿ ಮುಗಿಸಿ, ಚೀಲಗಳು ಮನೆ ಸೇರಿದ ಮೇಲೆಯೇ ಬರುತ್ತೇನೆಂದು ಅಪ್ಪ ಷರತ್ತು ಹಾಕಿದರು. ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈ, ಬಾಂದ್ರಾದಿಂದ ಸೂರ್ಯನಗರಿ ಎಕ್ಸ್‌ಪ್ರೆಸ್‌ನಲ್ಲಿ ಜೋಧಪುರ, ಅಲ್ಲಿಂದ ಮತ್ತೊಂದು ರೈಲಿನಲ್ಲಿ ಜೈಸಲ್ಮೇರ್. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮತ್ತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು ದಾರಿಯುದ್ದಕ್ಕೂ ನಮ್ಮನ್ನು ಕಾಯಿತು.

ಜೈಸಲ್ಮೇರಿನ ಕೋಟೆಯ ಬಗ್ಗೆ ಬಹಳ ಜನ ಬರೆದಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಲು ಆರಂಭಿಸಿದ ಆ ಕೋಟೆಯೊಳಗೆ ಇಂದಿಗೂ ಸಂಸಾರಗಳು ವಾಸಿಸುತ್ತಿವೆ ಎಂಬುದೇ ಅದರ ಹೆಚ್ಚುಗಾರಿಕೆ. ಶಹಾಬಾದ್ ಫರಸಿಯ ನೆಲದ ಮೇಲೆ, ಅದೇ ಕಲ್ಲಿನ ಗೋಡೆಗಳ ನಡುವೆ ಬೆಳೆದ ನಮಗೆ, ನೆಲದಡಿಯ ಕಲ್ಲೇ ಊರಿನ ಬಣ್ಣವಾಗುವುದು ಹೊಸದಲ್ಲ. ಅಲ್ಲಿ ಬೂದು ನೀಲಿಯ ಬದಲು ಜೇನಿನ ಹಳದಿ, ಅಷ್ಟೇ.

ಮರುದಿನ ಸಮ್ ಮರಳುದಿಬ್ಬಗಳಿಗೆ ಹೋದೆವು. ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಸಮ್, ಪ್ರವಾಸಿಗರು ಹೆಚ್ಚಾಗಿ ಸೇರುವ ಸ್ಥಳ. ಚಾಲಕರು ದಿಬ್ಬವನ್ನು ಏರುವ ಮೊದಲು ನಾಲ್ಕೂ ಗಾಲಿಗಳ ಗಾಳಿಯನ್ನು ಅರ್ಧದಷ್ಟು ಇಳಿಸಿದರು. ಗಾಳಿ ಕಡಿಮೆಯಾದಂತೆ ಟಯರು ಅಗಲವಾಗಿ ಚಪ್ಪಟೆಯಾಗುತ್ತದೆ. ಜೀಪಿನ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಗಾಲಿ ಮರಳಿನೊಳಗೆ ಹೂತುಕೊಳ್ಳುವುದಿಲ್ಲ. ಒಂಟೆಯ ಎರಡು ಬೆರಳಿನ ಅಗಲವಾದ, ಮೆತ್ತನೆಯ ಪಾದವೂ ಇದೇ ಕೆಲಸವನ್ನು ಮಾಡುತ್ತದೆ ಎಂದು ಮಗನಿಗೆ ಹೇಳಿದೆ. ಆದರೆ ಜೀಪು ದಿಬ್ಬದ ನೆತ್ತಿಯಿಂದ ಕೆಳಕ್ಕೆ ಧುಮುಕತೊಡಗಿದ ಮೇಲೆ ಪಾಠಕ್ಕೆ ಅವಕಾಶವಿರಲಿಲ್ಲ. ಗಾಳಿ ಬೀಸುವ ಕಡೆಯ ಇಳಿಜಾರು ಉದ್ದವಾಗಿ, ಸೌಮ್ಯವಾಗಿರುತ್ತದೆ; ಮರೆಯ ಕಡೆಯದು ಕಡಿದಾಗಿರುತ್ತದೆ. ಒಣ ಮರಳು ಜಾರದೆ ನಿಲ್ಲಬಲ್ಲ ಗರಿಷ್ಠ ಕೋನ ಸುಮಾರು 34 ಡಿಗ್ರಿ. ಹಲಗೆಯ ಮೇಲೆ ಬರೆದಾಗ ಸಾಧಾರಣವಾಗಿ ಕಾಣುವ ಆ ಕೋನ, ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ನೋಡಿದಾಗ ಬಾವಿಯ ಗೋಡೆಯಂತೆ ಕಾಣುತ್ತದೆ.

ಮಗ ಸಂತೋಷದಿಂದ ಕೂಗಿದ, ಅದರಲ್ಲಿ ನನಗೂ ಸಂತೋಷವಿತ್ತು. ಆದರೂ ಆ ಸವಾರಿಯನ್ನು ನಾನು ಎಲ್ಲರಿಗೂ ಒಪ್ಪಿಸಿ ಹೇಳಲಾರೆ. ನಮ್ಮ ಜೀಪಿನಲ್ಲಿ ಹಿಂದೆ ಕುಳಿತವರಿಗೆ ಬೆಲ್ಟ್ ಇರಲಿಲ್ಲ, ಹಿಡಿದುಕೊಳ್ಳಲು ಕಬ್ಬಿಣದ ಸರಳು ಮಾತ್ರ ಇತ್ತು. ಅಪ್ಪನಿಗೆ ಸೊಂಟದ ನೋವಿದೆ, ನಿಧಾನವಾಗಿ ಹೋಗಿ ಎಂದು ಎರಡು ಸಲ ಕೇಳಿಕೊಂಡರೂ ವೇಗ ತಗ್ಗಲಿಲ್ಲ. ಬೆನ್ನು, ಕುತ್ತಿಗೆಯ ತೊಂದರೆ ಇರುವವರು, ಬಸಿರಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಇದನ್ನು ಹತ್ತಲೇಬಾರದು. ನನ್ನ ಮನಸ್ಸಿಗೆ ಹೆಚ್ಚು ನೋವು ಕೊಟ್ಟದ್ದು ಮಾತ್ರ ಬೇರೆ. ದಿಬ್ಬದ ಬುಡದಲ್ಲಿ, ಮರಳನ್ನು ಬೇರಿನಿಂದ ಹಿಡಿದುಕೊಂಡು ಬದುಕುವ ಕುರುಚಲು ಗಿಡಗಳ ಮೇಲೆಯೇ ಗಾಲಿಯ ಗುರುತುಗಳು ಹಾದುಹೋಗಿದ್ದವು. ಅಂಥ ಒಂದು ಗಿಡ ಬೇರೂರಲು ಎಷ್ಟು ಮಳೆಗಾಲ ಕಾದಿರಬೇಕೆಂದು ಯೋಚಿಸಿದರೆ, ಇಪ್ಪತ್ತು ನಿಮಿಷದ ಆ ಸಂತೋಷ ದುಬಾರಿಯೆನಿಸುತ್ತದೆ. ಅಪ್ಪ ಜೀಪಿನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು, "ನಾಳಿಗಿ ಒಂಟಿ ಮ್ಯಾಲೆ ಹೋಗಾಣ, ಅದು ನೋಡಕೋತ ನಡೀತದ" ಎಂದರು.

ಖುರಿಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ. ಜೈಸಲ್ಮೇರಿನ ನೈರುತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದ ಆ ಹಳ್ಳಿಯ ಪಕ್ಕದಲ್ಲೇ ಮರಳುದಿಬ್ಬಗಳಿವೆ, ಸಮ್‌ನಷ್ಟು ಗದ್ದಲವಿಲ್ಲ. ನಮ್ಮ ಗೈಡ್ ಜೈಸಲ್ಮೇರಿನ ತರುಣ. ಅಪ್ಪ ಕೇಳುವ ಪ್ರಶ್ನೆಗಳೆಲ್ಲ ಬೆಳೆ, ನೀರು, ದನಗಳ ಸುತ್ತ ಇರುವುದನ್ನು ಗಮನಿಸಿದ ಆತ, ನೇರ ದಾರಿಯನ್ನು ಬಿಟ್ಟು ಕುಲಧರಾದ ಕಡೆಗೆ ಬಳಸಿ ಕರೆದೊಯ್ದ. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಆ ಪಾಳು ಹಳ್ಳಿಯನ್ನು ನೋಡಲು ಬರುವವರು ಅಲ್ಲಿಯ ದೆವ್ವದ ಕಥೆಗಳನ್ನು ಕೇಳುತ್ತಾರೆ. ಆತ ನಮಗೆ ತೋರಿಸಿದ್ದು ಪಾಲಿವಾಲರು ಬೆಳೆಸಿದ ಖಡೀನ್ ಎಂಬ ಕೃಷಿ ಪದ್ಧತಿಯನ್ನು. ಕಲ್ಲುನೆಲದ ವಿಶಾಲವಾದ ಇಳಿಜಾರಿನ ಮೇಲೆ ಬಿದ್ದ ಮಳೆಯ ನೀರು ಹರಿದು ತಗ್ಗಿಗೆ ಬಂದು ಸೇರುವಲ್ಲಿ ಅಡ್ಡಲಾಗಿ ಉದ್ದನೆಯ ಮಣ್ಣಿನ ಒಡ್ಡು ಹಾಕುತ್ತಾರೆ. ನೀರು ಅಲ್ಲಿ ನಿಂತು ನೆಲಕ್ಕೆ ಇಂಗುತ್ತದೆ. ಜೊತೆಗೆ ಬಂದ ಮೆಕ್ಕಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಮಳೆ ಮುಗಿದು ನೀರು ಇಳಿದ ಮೇಲೆ, ಆ ಹಸಿಯನ್ನೇ ನಂಬಿ ಗೋಧಿ ಮತ್ತು ಕಡಲೆಯನ್ನು ಬಿತ್ತುತ್ತಾರೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬಾರದ ಜಿಲ್ಲೆಯಲ್ಲಿ, ಜನವರಿಯ ಬಿಸಿಲಿನಲ್ಲಿ, ನಮ್ಮೆದುರು ಮೊಣಕಾಲೆತ್ತರದ ಕಡಲೆ ಹಸಿರಾಗಿ ನಿಂತಿತ್ತು. ಅಪ್ಪ ಚಪ್ಪಲಿ ಬಿಚ್ಚಿಟ್ಟು ಹೊಲಕ್ಕೆ ಇಳಿದರು. ಒಂದು ಗಿಡದ ಬುಡವನ್ನು ಬೆರಳಿನಿಂದ ಕೆದರಿ, ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ, ನಮ್ಮ ಹಿಂಗಾರಿನ ಕಡಲೆಯೂ ಹೀಗೆ ಕೆಳಗಿನ ತೇವದ ಮೇಲೆಯೇ ಬರುತ್ತದೆ ಎಂದು ತಮ್ಮ ದಖನಿ ಹಿಂದಿಯಲ್ಲಿ ಆ ತರುಣನಿಗೆ ಹೇಳತೊಡಗಿದರು. ಮರುಭೂಮಿಯ ಸಫಾರಿಯ ಪಟ್ಟಿಯಲ್ಲಿ ಈ ಹೊಲ ಇರಲಿಲ್ಲ. ಹೋಗುವವರು ಕೇಳಿ ನೋಡಿದರೆ ಒಳ್ಳೆಯದು.

ಖುರಿಯಲ್ಲಿ ಒಂಟೆಯನ್ನು ಆರಿಸುವ ಕೆಲಸವನ್ನು ಅಪ್ಪನೇ ವಹಿಸಿಕೊಂಡರು. ಸಂತೆಯಲ್ಲಿ ಎತ್ತು ಕೊಳ್ಳುವವರಂತೆ ಸುತ್ತು ಹಾಕಿದರು. ಮೂಗಿನ ಹೊಳ್ಳೆಗೆ ಹಾಕಿದ ಕಟ್ಟಿಗೆಯ ಮೊಳೆಯ ಸುತ್ತ ಕೀವು, ರಕ್ತ ಇಲ್ಲವೆಂದು ಖಾತ್ರಿ ಮಾಡಿಕೊಂಡರು; ಜೀನನ್ನು ಎತ್ತಿಸಿ ಬೆನ್ನಿನ ಕೂದಲು ಉಜ್ಜಿಹೋಗಿದೆಯೇ ಎಂದು ನೋಡಿದರು; ಡುಬ್ಬವನ್ನು ಒತ್ತಿ ನೋಡಲು ಅಪ್ಪಣೆ ಕೇಳಿದರು. ಡುಬ್ಬದಲ್ಲಿ ನೀರಿರುತ್ತದೆ ಎಂದು ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಇಂದಿಗೂ ಬರೆಯುತ್ತಾರೆ. ಅದರಲ್ಲಿರುವುದು ಕೊಬ್ಬು. ಮೇವು ಚೆನ್ನಾಗಿ ಸಿಕ್ಕ ಒಂಟೆಯ ಡುಬ್ಬ ಗಟ್ಟಿಯಾಗಿ ನೆಟ್ಟಗಿರುತ್ತದೆ, ಹಸಿದದ್ದರ ಡುಬ್ಬ ಸೊರಗಿ ಒಂದು ಬದಿಗೆ ಬಾಗುತ್ತದೆ. ನೀರನ್ನು ಉಳಿಸುವ ಗುಟ್ಟು ಬೇರೆ ಕಡೆ ಇದೆ: ಒಂಟೆಯ ಮೈಬಿಸಿ ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿದು, ಮಧ್ಯಾಹ್ನ 40ರವರೆಗೆ ಏರಬಲ್ಲದು. ನಮಗಾದರೆ ಅದು ಜ್ವರ. ಒಂಟೆಗೆ ಅದು ಬೆವರಿ ನೀರು ಕಳೆದುಕೊಳ್ಳದೆ ದಿನ ದೂಡುವ ಉಪಾಯ. ಬಾಯಾರಿದ ಒಂಟೆ ನೀರು ಕಂಡಾಗ ಕೆಲವೇ ನಿಮಿಷಗಳಲ್ಲಿ 100 ಲೀಟರಿನವರೆಗೆ ಕುಡಿಯುತ್ತದೆ. ಪರೀಕ್ಷೆಯನ್ನೆಲ್ಲ ಮಾಲೀಕರು ತಡೆಯದೆ ನೋಡುತ್ತಿದ್ದರು. ಐವತ್ತರ ಆಸುಪಾಸಿನ ಆ ಗೃಹಸ್ಥರಿಗೆ ಅದು ಅವಮಾನವೆನಿಸಲಿಲ್ಲ. ಬದಲಿಗೆ, ತಮ್ಮ ಪ್ರಾಣಿಯ ಬೆಲೆಯನ್ನು ಅರಿತವರೊಬ್ಬರು ಬಂದರೆಂಬ ಸಮಾಧಾನ ಅವರ ಮುಖದಲ್ಲಿ ಕಾಣುತ್ತಿತ್ತು.

ಒಂಟೆಯ ನಡಿಗೆಯನ್ನು ಎತ್ತಿನ ಬಂಡಿಗೂ ಕುದುರೆಗೂ ಹೋಲಿಸಲಾಗದು. ಅದು ಒಂದೇ ಬದಿಯ ಮುಂಗಾಲು, ಹಿಂಗಾಲುಗಳನ್ನು ಜೊತೆಯಾಗಿ ಎತ್ತಿಡುವುದರಿಂದ ಮೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗುತ್ತದೆ. ಸೊಂಟವನ್ನು ಬಿಗಿ ಹಿಡಿದು ಕುಳಿತರೆ ಅರ್ಧ ಗಂಟೆಯಲ್ಲಿ ತೊಡೆಗಳು ಹಿಡಿದುಕೊಳ್ಳುತ್ತವೆ. ಜೋಕಾಲಿಯಲ್ಲಿ ಕುಳಿತಂತೆ ಮೈ ಸಡಿಲ ಬಿಟ್ಟರೆ ಆಯಾಸವಾಗುವುದಿಲ್ಲ. ತಲೆಗೆ ದಪ್ಪ ಹತ್ತಿಯ ಬಟ್ಟೆ ಬೇಕೇ ಬೇಕು. ಅಪ್ಪನ ಬಿಳಿ ಪಟಕ, ಮಾಲೀಕರ ಕೆಂಪು ಸಾಫಾ ಮುಂದೆ ಮುಂದೆ ಸಾಗುತ್ತಿದ್ದವು. ನಾನು ಮತ್ತು ಮಗ ಹಿಂದಿನ ಒಂಟೆಯ ಮೇಲಿದ್ದೆವು.

ಹಳ್ಳಿಯ ಅಂಚನ್ನು ದಾಟುತ್ತಿದ್ದಂತೆ, ಕೊಂಬೆಗಳನ್ನೆಲ್ಲ ಸವರಿಸಿಕೊಂಡು ಬೋಳಾಗಿ ನಿಂತ ಕೆಲವು ಮರಗಳು ಕಂಡವು. ಅಪ್ಪ ಒಂಟೆಯನ್ನು ನಿಲ್ಲಿಸಲು ಹೇಳಿದರು. ಬುಡದಲ್ಲಿ ಚಿಗುರಿದ್ದ ಒಂದು ಸಣ್ಣ ಟೊಂಗೆಯ ಮುಳ್ಳನ್ನೂ ಕಿರಿದಾದ ಎಲೆಯ ಸಾಲನ್ನೂ ಬಗ್ಗಿ ನೋಡಿ, "ಬನ್ನಿ ಅಲ್ಲೇನವಾ ಇದು?" ಎಂದರು. ಅದು ಬನ್ನಿಯೇ ಆಗಿತ್ತು. ಅಲ್ಲಿಯವರು ಖೇಜಡಿ ಎಂದು ಕರೆಯುವ, 1983ರಲ್ಲಿ ರಾಜಸ್ಥಾನ ತನ್ನ ರಾಜ್ಯವೃಕ್ಷವೆಂದು ಘೋಷಿಸಿದ ಮರ, ನಾವು ದಸರೆಯಲ್ಲಿ ಪೂಜಿಸುವ ಶಮಿ. ಎರಡೂ ಹೆಸರುಗಳನ್ನು ಪುಸ್ತಕದಲ್ಲಿ ಓದಿದ್ದ ನನಗೆ ಅವು ಒಂದೇ ಎಂದು ಹೊಳೆಯಲು ಅಪ್ಪನ ಕಣ್ಣು ಬೇಕಾಯಿತು. ಚಳಿಗಾಲದಲ್ಲಿ ಕೊಂಬೆ ಸವರಿ ಎಲೆಯನ್ನು ಒಣಗಿಸಿ ದನ, ಆಡು, ಒಂಟೆಗಳಿಗೆ ಮೇವಾಗಿ ಇಡುತ್ತಾರೆ. ಎಳೆಯ ಕಾಯಿಯನ್ನು ಸಾಂಗ್ರಿ ಎಂದು ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ. ಬೇರು ಬಹಳ ಆಳಕ್ಕೆ ಇಳಿದು ನೀರು ಹುಡುಕುವುದರಿಂದ ಮೇಲಿನ ಬೆಳೆಯ ತೇವವನ್ನು ಕಸಿಯುವುದಿಲ್ಲ, ಅದರ ಕೆಳಗೆ ಸಜ್ಜೆ ಚೆನ್ನಾಗಿ ಬರುತ್ತದೆ ಎಂದು ಮಾಲೀಕರು ವಿವರಿಸಿದರು. 1730ರಲ್ಲಿ ಜೋಧಪುರದ ಸಮೀಪದ ಖೇಜಡಲಿಯಲ್ಲಿ ಅರಮನೆಯ ಜನ ಮರ ಕಡಿಯಲು ಬಂದಾಗ ಅಮೃತಾ ದೇವಿಯೂ ಸೇರಿ 363 ಮಂದಿ ಬಿಷ್ಣೋಯಿಗಳು ಈ ಮರಗಳನ್ನು ಅಪ್ಪಿಕೊಂಡು ಪ್ರಾಣ ಬಿಟ್ಟರೆಂದು ಪ್ರಸಿದ್ಧವಾಗಿರುವ ಸಂಗತಿಯನ್ನು ನಾನು ಅಪ್ಪನಿಗೆ ಹೇಳಿದೆ. ಅವರು ಏನೂ ಮಾತನಾಡದೆ ಆ ಚಿಗುರಿನಿಂದ ನಾಲ್ಕು ಎಲೆಗಳನ್ನು ಬಿಡಿಸಿ, ಎರಡನ್ನು ಮಾಲೀಕರ ಅಂಗೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರಾಣ" ಎಂದು ಕನ್ನಡದಲ್ಲೇ ಹೇಳಿ ಕೈಮುಗಿದರು. ಅರ್ಥವನ್ನು ನಾನು ಹಿಂದಿಯಲ್ಲಿ ತಿಳಿಸಿದ ಮೇಲೆ ಅವರು ಆ ಎಲೆಗಳನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

ಸೂರ್ಯಾಸ್ತಕ್ಕೆ ಮುಂಚೆ ದಿಬ್ಬದ ನೆತ್ತಿಯ ಮೇಲೆ ಕುಳಿತೆವು. ಸಣ್ಣಗೆ ಬೀಸುತ್ತಿದ್ದ ಗಾಳಿಗೆ ಮರಳಿನ ಕಣಗಳು ನೆಲದಿಂದ ಗೇಣು ಎತ್ತರದೊಳಗೇ ಜಿಗಿಯುತ್ತ, ಬಿದ್ದಲ್ಲಿ ಮತ್ತೊಂದನ್ನು ಎಬ್ಬಿಸುತ್ತ ಮುಂದುವರಿಯುತ್ತಿದ್ದವು. ದಿಬ್ಬ ಸರಿಯುವುದು ಇಷ್ಟೇ ಸಣ್ಣ ಜಿಗಿತಗಳ ಬಲದಿಂದ. ಬೇಸಿಗೆಯ ನೈರುತ್ಯದ ಗಾಳಿಯಲ್ಲಿ ಇದು ಜೋರಾಗುತ್ತದೆ. ಅಪ್ಪ ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. "ಈ ಮಣ್ಣಿಗಿ ಹಿಡತಾನೇ ಇಲ್ಲ" ಎಂದರು. ಮಳೆ ಬಿದ್ದರೆ ಕಾಲಿಗೆ ಮೆತ್ತಿ ಬಿಡದ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆಮಣ್ಣಿನ ಮನುಷ್ಯನಿಗೆ ಅದು ಮಣ್ಣೆನಿಸಲಿಲ್ಲ. ಆದರೆ ಮಗನ ಜೊತೆ ಸೇರಿ ಮೊಣಕೈ ಮುಳುಗುವಷ್ಟು ಆಳಕ್ಕೆ ತೋಡಿದಾಗ ಒಳಗಿನ ಮರಳು ತಣ್ಣಗೆ, ತುಸು ತೇವವಾಗಿ ಕೈಗೆ ಹತ್ತಿತು. ಮೇಲಿನ ಒಣ ಮರಳೇ ಹೊದಿಕೆಯಾಗಿ ಕೆಳಗಿನ ಹಸಿಯನ್ನು ಬಿಸಿಲಿನಿಂದ ಕಾಯುತ್ತದೆ ಎಂದು ನಾನು ಹೇಳುವ ಮೊದಲೇ ಅಪ್ಪ ಮೊಮ್ಮಗನಿಗೆ ಹೇಳುತ್ತಿದ್ದರು: ಬಿಳಿಜೋಳದ ಸಾಲುಗಳ ನಡುವೆ ನಾವು ಎಡೆಕುಂಟೆ ಹೊಡೆಯುವುದು ಕಸಕ್ಕಾಗಿ ಮಾತ್ರವಲ್ಲ, ಬಿರುಕನ್ನು ಮುಚ್ಚಿ ಮೇಲೆ ಪುಡಿಮಣ್ಣಿನ ಪದರ ಮಾಡಿದರೆ ಒಳಗಿನ ತೇವ ಆರುವುದಿಲ್ಲ. "ಹಂಗಾದ್ರ ಇಲ್ಲಿ ಗಾಳಿನೇ ಎಡಿ ಹೊಡೀತದೇನ್ ಮುತ್ಯಾ?" ಎಂದು ಮಗ ಕೇಳಿದ. ಅಪ್ಪ ಅವನ ತಲೆ ಸವರಿದರು.

ರಾತ್ರಿ ಡೇರೆಯ ಮುಂದೆ ಮಾಂಗಣಿಯಾರ್ ಗಾಯಕರು ಹಾಡಿದರು. ಕಮಾಯ್ಚಾದ ಗಂಭೀರವಾದ ತಂತಿನಾದದ ಜೊತೆಗೆ ಖರತಾಲದ ಕಟ್ಟಿಗೆಯ ಪಟ್ಟಿಗಳು ಬೆರಳುಗಳ ನಡುವೆ ಮಾತನಾಡಿದವು. ಮುಸ್ಲಿಮರಾದ ಈ ಗಾಯಕರು ತಲೆಮಾರುಗಳಿಂದ ಹಿಂದೂ ಯಜಮಾನರ ಮನೆಗಳಲ್ಲಿ ಮಗು ಹುಟ್ಟಿದಾಗ, ಮದುವೆಯಾದಾಗ ಹಾಡುತ್ತ ಬಂದವರು. ಮೊಹರಂನಲ್ಲಿ ಊರೆಲ್ಲ ಸೇರಿ ಹೆಜ್ಜೆ ಹಾಕಿ ಪದ ಹಾಡುವುದನ್ನು ಕಂಡ ನಮಗೆ ಅದು ಪರಕೀಯವೆನಿಸಲಿಲ್ಲ. ದೂರದ ಒಂದು ಡೇರೆಯಿಂದ ಬರುತ್ತಿದ್ದ ಸ್ಪೀಕರಿನ ಅಬ್ಬರ ನಿಂತ ಮೇಲೆ ಆ ಕಮಾಯ್ಚಾ ಇನ್ನೂ ಚೆನ್ನಾಗಿ ಕೇಳಿಸಿತು. ಬುಕ್ ಮಾಡುವಾಗಲೇ ಡಿಜೆ ಇಲ್ಲದ ಡೇರೆಯನ್ನು ಕೇಳಿ ಪಡೆಯಬೇಕೆಂದು ನನ್ನ ಸಲಹೆ. ಊಟಕ್ಕೆ ಸಜ್ಜೆಯ ದಪ್ಪ ರೊಟ್ಟಿ ಬಂದಿತು, ಅವರು ಸೋಗ್ರಾ ಎನ್ನುತ್ತಾರೆ. ನಾವು ಶೇಂಗಾ ಹಿಂಡಿಯ ಡಬ್ಬಿ ತೆಗೆದೆವು, ಅದು ಅಲ್ಲಿಯೇ ಖಾಲಿಯಾಯಿತು. ಚಳಿ ಹತ್ತು ಡಿಗ್ರಿಗಿಂತ ಕೆಳಗಿಳಿದಿರಬೇಕು. ಹೊದೆಯಲು ಕೊಟ್ಟ ರಾಲಿ, ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದದ್ದು, ನಮ್ಮ ಕೌದಿಯ ಅಕ್ಕತಂಗಿ. ನೆತ್ತಿಯ ಮೇಲೆ ಮೃಗಶಿರ ಹೊಳೆಯುತ್ತಿತ್ತು. ಬಿತ್ತನೆಯ ಮಿರಗದ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಇದೇ ಎಂದು ತೋರಿಸಿದಾಗ, ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು.

ಬೆಂಕಿಯ ಪಕ್ಕದಲ್ಲಿ ಅವರಿಬ್ಬರ ಮಾತು ಮುಂದುವರಿಯಿತು, ನಾನು ಕೇಳುತ್ತ ಮಲಗಿದ್ದೆ. ಮಾಲೀಕರ ತಂದೆಯ ಕಾಲದಲ್ಲಿ ಮನೆಯಲ್ಲಿ ಹದಿನೈದು ಒಂಟೆಗಳಿದ್ದವಂತೆ, ಈಗ ಮೂರು. ಟ್ರ್ಯಾಕ್ಟರು, ಪಿಕಪ್ ಬಂದ ಮೇಲೆ ಉಳುಮೆಗೂ ಸರಕಿಗೂ ಒಂಟೆ ಬೇಡವಾಯಿತು, ಮೇಯಿಸುವ ಗೋಮಾಳಗಳು ಕಡಿಮೆಯಾದವು. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಒಂಟೆಗಳು 2019ರ ಗಣತಿಯಲ್ಲಿ ಸುಮಾರು 2.5 ಲಕ್ಷಕ್ಕೆ ಇಳಿದಿದ್ದವು. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯನ್ನಾಗಿ ಮಾಡಿ, 2015ರಲ್ಲಿ ಅದರ ವಧೆಯನ್ನೂ ಅನುಮತಿಯಿಲ್ಲದೆ ಹೊರರಾಜ್ಯಕ್ಕೆ ಸಾಗಿಸುವುದನ್ನೂ ನಿಷೇಧಿಸುವ ಕಾನೂನು ತಂದಿತು. ಕೊಳ್ಳುವವರೇ ಇಲ್ಲದಾಗ ಸಾಕುವುದು ಹೇಗೆ ಎಂಬುದು ಆ ಮನುಷ್ಯನ ಪ್ರಶ್ನೆ. ಪ್ರವಾಸಿಗರು ಬರುವ ಆರು ತಿಂಗಳ ಸಂಪಾದನೆಯಲ್ಲಿ ವರ್ಷದ ಮೇವು ಹೊಂದಿಸಬೇಕು. ಆಮೇಲೆ ಅವರು, "ನಿಮ್ಮಲ್ಲಿ ಎಷ್ಟು ಎತ್ತು?" ಎಂದು ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗ ಒಂದೂ ಇಲ್ಲ, ಕೊನೆಯ ಜೋಡಿಯನ್ನು ಮಾರಿ ಎಂಟು ವರ್ಷವಾಯಿತು, ರಾಶಿಗೂ ಯಂತ್ರ ಬರುತ್ತದೆ ಎಂದರು. ಆ ಎತ್ತುಗಳು ಹೋದ ದಿನ ಅಪ್ಪ ಊಟ ಮಾಡಿರಲಿಲ್ಲ. ಅದನ್ನು ಅವರು ಹೇಳಲಿಲ್ಲ.

ಬೆಳಿಗ್ಗೆ ಮರಳುವ ಸವಾರಿಗೆ ಜೀನು ಬಿಗಿಯುವಾಗ ಅಪ್ಪ ಮತ್ತೆ ಕೈಯಾಡಿಸಿ ನೋಡಿದರು. ಡುಬ್ಬದ ಹಿಂದೆ, ಕೆಳಗೆ ಹಾಸಿದ ರಾಲಿಯ ಮಡಿಕೆ ಸರಿದು ಗಂಟಾಗಿದ್ದ ಕಡೆ, ಕೂದಲು ಉಜ್ಜಿ ಅಂಗೈಯಷ್ಟು ಜಾಗ ಬಿಸಿಯಾಗಿ ಊದಿಕೊಂಡಿತ್ತು. ಚರ್ಮ ಒಡೆದಿರಲಿಲ್ಲ. ನೊಗ ಉಜ್ಜಿ ಎತ್ತಿನ ಹೆಗಲು ಬಾತುಕೊಂಡರೆ ನಾವು ಬೇವಿನ ಎಣ್ಣೆ ಹಚ್ಚಿ ನಾಲ್ಕು ದಿನ ನೊಗ ಹೂಡುವುದಿಲ್ಲ ಎಂದು ಅಪ್ಪ ಹೇಳಿದರು. ಇಲ್ಲಿ ಸಾಸಿವೆ ಎಣ್ಣೆ ಇದೆ, ಹಳ್ಳಿಗೆ ಹೋಗಿ ಹಚ್ಚುತ್ತೇನೆ ಎಂದು ಮಾಲೀಕರು ಒಪ್ಪಿಕೊಂಡರು. ಹಳ್ಳಿ ಅಲ್ಲಿಂದ ಎರಡು ಕಿಲೋಮೀಟರ್ ಇದ್ದೀತು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಆ ಜಾಗದ ಮೇಲಿಟ್ಟು, ಖಾಲಿ ಜೀನನ್ನು ಸಡಿಲವಾಗಿ ಕಟ್ಟಿಸಿದರು. "ಸ್ವಂಟ ನೋಯ್ತದಲ್ಲಪಾ, ನಮ್ಮ ಒಂಟಿ ಮ್ಯಾಲೆ ಕೂಡು, ನಾ ಇಳೀತೀನಿ" ಎಂದೆ. "ನಡೀಲಿಕ್ಕಿ ಬಂದ್ರ ಸ್ವಂಟಿಗಿ ಚಲೋನೇ ಆಗ್ತದವಾ" ಎಂದು ಪಟಕವನ್ನು ಬಿಗಿ ಮಾಡಿಕೊಂಡರು. ಬಿಸಿಲು ಇನ್ನೂ ಏರಿರಲಿಲ್ಲ. ಹಗ್ಗದ ಒಂದು ಬದಿಗೆ ಮಾಲೀಕರು, ಇನ್ನೊಂದು ಬದಿಗೆ ಅಪ್ಪ, ನಡುವೆ ಆ ಒಂಟೆ, ಮೂವರೂ ಮರಳಿನಲ್ಲಿ ಹೆಜ್ಜೆ ಮೂಡಿಸುತ್ತ ನಮಗಿಂತ ಮುಂದೆ ನಡೆದರು.